ಬೀದಿ ಬದಿ ವ್ಯಾಪಾರಿಯ ಪ್ರಮಾಣಪತ್ರ: ಎತ್ತಂಗಡಿಗೆ ಮೊದಲೇ ಮಾಡಿಸಿಕೊಳ್ಳಬೇಕಾದ ಕಾಗದಪತ್ರಗಳು

‘ನಮ್ಮ ಬೀದಿಯ ತುದಿಯಲ್ಲಿ ಇಪ್ಪತ್ತು ವರ್ಷಗಳಿಂದ ಸೊಪ್ಪು ಮಾರುತ್ತಿದ್ದ ಅಜ್ಜಿಯನ್ನು ಎಬ್ಬಿಸಿಬಿಟ್ಟರು, ಅವರಿಗೆ ಏನಾದರೂ ಕಾಗದ ಮಾಡಿಸಿಕೊಡಬಹುದೇ?’ ಎಂಬ ಪ್ರಶ್ನೆ ಬೇರೆ ಬೇರೆ ಊರುಗಳಿಂದ, ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಮಾಡಿಸಿಕೊಡಬಹುದು. ಆದರೆ ಎಬ್ಬಿಸಿದ ಮೇಲೆ ಮಾಡಿಸುವುದಕ್ಕಿಂತ, ಅಜ್ಜಿ ಇನ್ನೂ ತಮ್ಮ ಮಂಕರಿಯ ಮುಂದೆ ಕುಳಿತಿರುವಾಗಲೇ ಮಾಡಿಸುವುದು ಎಷ್ಟೋ ಸುಲಭ. ಈ ಲೇಖನವನ್ನು ಓದುತ್ತಿರುವ ನೀವು ಸ್ವತಃ ವ್ಯಾಪಾರಿಯಾಗಿರಬಹುದು, ತಾಯಿಯ ಹೂವಿನ ಅಂಗಡಿಯ ದುಡಿಮೆಯಿಂದ ಓದಿದ ಮಗಳಾಗಿರಬಹುದು, ಅಥವಾ ಅದೇ ಬೀದಿಯಲ್ಲಿ ಮನೆ ಮಾಡಿಕೊಂಡು ದಿನವೂ ಆ ಸೊಪ್ಪನ್ನೇ ಕೊಳ್ಳುವ ನಿವಾಸಿಯಾಗಿರಬಹುದು. ಮೂವರಿಗೂ ಇಲ್ಲಿ ಮಾಡುವ ಕೆಲಸವಿದೆ.

ಬೀದಿ ಬದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆ ಮತ್ತು ಬೀದಿ ಬದಿ ವ್ಯಾಪಾರ ನಿಯಂತ್ರಣ ಕಾಯ್ದೆಯನ್ನು ಸಂಸತ್ತು 2014ರಲ್ಲಿ ಅಂಗೀಕರಿಸಿತು. ಅದೇ ವರ್ಷ ಮೇ 1ರಿಂದ ಅದು ಜಾರಿಯಲ್ಲಿದೆ. ಬೀದಿಯಲ್ಲಿ ವ್ಯಾಪಾರ ಮಾಡುವುದು ಸಂವಿಧಾನದ 19(1)(ಜಿ) ವಿಧಿ ಕೊಟ್ಟಿರುವ ವೃತ್ತಿ ಸ್ವಾತಂತ್ರ್ಯದೊಳಗೆ ಬರುತ್ತದೆಂದು, ಆದರೆ ಅದನ್ನು ಸಕಾರಣವಾಗಿ ನಿಯಂತ್ರಿಸಬಹುದೆಂದು ಸುಪ್ರೀಂ ಕೋರ್ಟ್ 1989ರ ಸೋದನ್ ಸಿಂಗ್ ಪ್ರಕರಣದಲ್ಲಿ ಹೇಳಿತ್ತು. ಈ ಕಾಯ್ದೆಯೂ ಅದೇ ಎರಡು ಮಾತುಗಳ ಮೇಲೆ ನಿಂತಿದೆ: ವ್ಯಾಪಾರಿಗೆ ಹಕ್ಕಿದೆ, ಪಾಲಿಕೆಗೆ ನಿಯಂತ್ರಣದ ಅಧಿಕಾರವಿದೆ. ಕಾಯ್ದೆ ಕೊಡುವ ರಕ್ಷಣೆ ದೊಡ್ಡದು, ಆದರೆ ಅದು ಲೆಕ್ಕಕ್ಕೆ ಸಿಕ್ಕವರಿಗೆ, ಅಂದರೆ ಬೀದಿ ಬದಿ ವ್ಯಾಪಾರಿಗಳ ಸಮೀಕ್ಷೆಯಲ್ಲಿ ಹೆಸರಿದ್ದು ಕೈಯಲ್ಲಿ ಬರವಣಿಗೆ ಇಟ್ಟುಕೊಂಡವರಿಗೆ ದಕ್ಕುವಷ್ಟು ಸುಲಭವಾಗಿ ಉಳಿದವರಿಗೆ ದಕ್ಕುವುದಿಲ್ಲ.

ಮೊದಲು ತಿಳಿದುಕೊಳ್ಳಬೇಕಾದ ಪದಗಳು

ಪಟ್ಟಣ ವ್ಯಾಪಾರ ಸಮಿತಿ: ಕಚೇರಿಗಳಲ್ಲಿ ಇದನ್ನು ‘ಟಿವಿಸಿ’ ಎಂದೇ ಕರೆಯುತ್ತಾರೆ. ಪಾಲಿಕೆಯ ಆಯುಕ್ತರು ಅಥವಾ ಮುಖ್ಯಾಧಿಕಾರಿಗಳು ಇದರ ಅಧ್ಯಕ್ಷರು. ಸದಸ್ಯರಲ್ಲಿ ಕನಿಷ್ಠ ಶೇ 40ರಷ್ಟು ಮಂದಿ ವ್ಯಾಪಾರಿಗಳೇ ತಮ್ಮೊಳಗಿಂದ ಚುನಾಯಿಸಿದ ಪ್ರತಿನಿಧಿಗಳಾಗಿರಬೇಕು, ಆ ಪ್ರತಿನಿಧಿಗಳಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಸಂಚಾರ ಪೊಲೀಸರು, ಬ್ಯಾಂಕುಗಳು, ವರ್ತಕರ ಸಂಘಗಳು ಮತ್ತು ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘಗಳ ಕಡೆಯವರಿಗೂ ಇದರಲ್ಲಿ ಸ್ಥಾನವಿದೆ.

ವ್ಯಾಪಾರ ಪ್ರಮಾಣಪತ್ರ: ಈ ವ್ಯಕ್ತಿ, ಈ ಜಾಗದಲ್ಲಿ ಅಥವಾ ಈ ದಾರಿಯಲ್ಲಿ, ಈ ಷರತ್ತುಗಳಿಗೆ ಒಳಪಟ್ಟು ವ್ಯಾಪಾರ ಮಾಡಬಹುದು ಎಂದು ಹೇಳುವ ಪತ್ರ. ಇದರೊಂದಿಗೆ ಗುರುತಿನ ಚೀಟಿಯೂ ಬರುತ್ತದೆ. ಇವೆರಡೂ ಜಾಗದ ಒಡೆತನವನ್ನು ಕೊಡುವುದಿಲ್ಲ. ವ್ಯಾಪಾರ ಮಾಡುವ ಜಾಗದ ಮೇಲೆ ಕಾಯಂ ಹಕ್ಕು ಹುಟ್ಟುವುದಿಲ್ಲವೆಂದು ಕಾಯ್ದೆ ಸ್ಪಷ್ಟವಾಗಿಯೇ ಹೇಳುತ್ತದೆ.

ಸಹಜ ಮಾರುಕಟ್ಟೆ: ಯಾರೂ ಯೋಜನೆ ಹಾಕಿ ಕಟ್ಟದೆ, ಕೊಳ್ಳುವವರೂ ಮಾರುವವರೂ ಹಿಂದಿನಿಂದ ಬಂದು ಸೇರುತ್ತಿರುವ ಜಾಗ. ಬೆಂಗಳೂರಿನ ಗಾಂಧಿ ಬಜಾರ್, ಮಲ್ಲೇಶ್ವರದ ಎಂಟನೇ ಅಡ್ಡರಸ್ತೆ, ಹುಬ್ಬಳ್ಳಿಯ ದುರ್ಗದಬೈಲು ನೆನಪಾದರೆ ಸಾಕು, ಅರ್ಥ ತಾನೇ ಹೊಳೆಯುತ್ತದೆ. ಆದರೆ ಕಾಯ್ದೆಯ ಪ್ರಕಾರ ಈ ಹೆಸರು ಅಧಿಕೃತವಾಗುವುದು ಸಮಿತಿಯ ಶಿಫಾರಸಿನ ಮೇಲೆ ಪಾಲಿಕೆ ಹಾಗೆಂದು ನಿರ್ಧರಿಸಿದಾಗ ಮಾತ್ರ.

ಶಿಫಾರಸು ಪತ್ರ: ಸಮೀಕ್ಷೆಯಲ್ಲಿ ಹೆಸರು ಬಿಟ್ಟುಹೋದವರಿಗೆ, ಇವರು ನಿಜವಾಗಿಯೂ ವ್ಯಾಪಾರಿಗಳೇ ಎಂದು ಪಾಲಿಕೆ ಅಥವಾ ಸಮಿತಿ ಕೊಡುವ ಪತ್ರ. ಇದು ಮುಖ್ಯವಾಗಿ ಬೀದಿ ಬದಿ ವ್ಯಾಪಾರಿಗಳಿಗೆಂದೇ ಇರುವ ಸರ್ಕಾರಿ ಯೋಜನೆಯಾದ ಪಿಎಂ ಸ್ವನಿಧಿಯ ಸಾಲಕ್ಕೆ ಬೇಕಾಗುತ್ತದೆ.

ಹಂತ 1: ಜಾಗ ಯಾರದು ಎಂಬುದನ್ನು ಖಚಿತಪಡಿಸಿಕೊಳ್ಳಿ

ಅರ್ಜಿ ಬರೆಯುವ ಮೊದಲು ವ್ಯಾಪಾರದ ಜಾಗ ಯಾವ ಸಂಸ್ಥೆಯ ವ್ಯಾಪ್ತಿಯಲ್ಲಿದೆ ಎಂದು ತಿಳಿದುಕೊಳ್ಳಬೇಕು. ರೈಲ್ವೆಗೆ ಸೇರಿದ ನೆಲಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ. ನಿಲ್ದಾಣದ ಆವರಣದ ಒಳಗೆ ಕುಳಿತವರಿಗೂ ಅದರ ಕಾಂಪೌಂಡಿನ ಹೊರಗೆ ಪಾಲಿಕೆಯ ರಸ್ತೆಯಲ್ಲಿ ಕುಳಿತವರಿಗೂ ಕೆಲವೇ ಅಡಿಗಳ ಅಂತರವಿದ್ದರೂ ಕಾನೂನಿನ ದೃಷ್ಟಿಯಲ್ಲಿ ಅವರಿಬ್ಬರ ಸ್ಥಿತಿ ಬೇರೆ ಬೇರೆ. ಬೆಂಗಳೂರಿನವರು ಇನ್ನೊಂದು ವಿಷಯವನ್ನು ಗಮನಿಸಬೇಕು. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರಪಾಲಿಕೆಗಳಿವೆ. ಹಳೆಯ ವಿಳಾಸಕ್ಕೆ, ಹಳೆಯ ವಾರ್ಡ್ ಸಂಖ್ಯೆ ಹಾಕಿ ಬರೆದ ಅರ್ಜಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುತ್ತಿರುತ್ತದೆ. ನಿಮ್ಮ ಬೀದಿ ಈಗ ಯಾವ ಪಾಲಿಕೆಯ ಯಾವ ವಾರ್ಡಿಗೆ ಸೇರಿದೆ ಎಂದು ವಾರ್ಡ್ ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಿ. ಬೆಂಗಳೂರಿನಲ್ಲಿ ಈ ಕೆಲಸವನ್ನು ಕಲ್ಯಾಣ ವಿಭಾಗ ನೋಡಿಕೊಳ್ಳುತ್ತ ಬಂದಿದೆ. ಬೇರೆ ಊರುಗಳಲ್ಲಿ ನಗರಸಭೆ ಅಥವಾ ಪುರಸಭೆಯ ಬಡತನ ನಿವಾರಣಾ ಶಾಖೆಯಲ್ಲಿ ವಿಚಾರಿಸಿ.

ಹಂತ 2: ಕಾಗದಗಳನ್ನು ಒಂದೆಡೆ ಸೇರಿಸಿ

ಆಧಾರ್, ಮತದಾರರ ಗುರುತಿನ ಚೀಟಿ, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ನಾಲ್ಕು ಭಾವಚಿತ್ರ, ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ, ಇಷ್ಟು ಎಲ್ಲರಿಗೂ ಬೇಕು. ಜಾತಿ ಪ್ರಮಾಣಪತ್ರ ಅಥವಾ ಅಂಗವಿಕಲತೆಯ ಗುರುತಿನ ಚೀಟಿ ಇದ್ದರೆ ಅವುಗಳ ಪ್ರತಿಯನ್ನೂ ಇಡಿ, ಏಕೆಂದರೆ ಪ್ರಮಾಣಪತ್ರ ಕೊಡುವಾಗ ಪರಿಶಿಷ್ಟ ಜಾತಿ ಮತ್ತು ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಮಹಿಳೆಯರು ಮತ್ತು ಅಂಗವಿಕಲರಿಗೆ ಆದ್ಯತೆ ಕೊಡಬೇಕೆಂದು ಕಾಯ್ದೆ ಹೇಳುತ್ತದೆ.

ಹೆಚ್ಚಿನವರು ಎಡವುವುದು ಹೆಸರಿನ ವಿಷಯದಲ್ಲಿ. ಆಧಾರ್‌ನಲ್ಲಿ ‘ಲಕ್ಷ್ಮಮ್ಮ’, ಪಡಿತರ ಚೀಟಿಯಲ್ಲಿ ‘ಲಕ್ಷ್ಮೀದೇವಿ’, ಬ್ಯಾಂಕಿನಲ್ಲಿ ಗಂಡನ ಹೆಸರಿನೊಂದಿಗೆ ಇನ್ನೊಂದು ರೂಪ ಇದ್ದರೆ ಪ್ರಮಾಣಪತ್ರವೇನೋ ಒಂದು ಹೆಸರಿಗೆ ಬರುತ್ತದೆ, ಆದರೆ ಮುಂದೆ ಸಾಲದ ಅರ್ಜಿ ನಿಂತುಬಿಡುತ್ತದೆ. ಮೊದಲು ಆಧಾರ್ ಮತ್ತು ಬ್ಯಾಂಕ್ ಖಾತೆಯ ಹೆಸರುಗಳನ್ನು ಒಂದೇ ರೀತಿ ಮಾಡಿಸಿ, ಆಮೇಲೆ ಅರ್ಜಿ ಕೊಡಿ. ಮೊಬೈಲ್ ಸಂಖ್ಯೆ ಮಗನದೋ ಅಳಿಯನದೋ ಆಗಿದ್ದರೆ ಅದನ್ನೂ ಬದಲಿಸಿ. ಒಟಿಪಿ ಬರುವ ಹೊತ್ತಿಗೆ ಅವರು ಊರಿನಲ್ಲಿರದಿದ್ದರೆ ಕೆಲಸ ಕೆಡುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಆ ಜಾಗದಲ್ಲಿ ವ್ಯಾಪಾರ ಮಾಡುತ್ತಿದ್ದಾರೆ ಎಂಬುದಕ್ಕೆ ಸಾಕ್ಷ್ಯ. ಹಿಂದೆ ಪಾಲಿಕೆ ವಸೂಲಿ ಮಾಡಿದ ಶುಲ್ಕದ ರಸೀದಿ, ಹಳೆಯ ಗುರುತಿನ ಚೀಟಿ, ದಂಡ ಕಟ್ಟಿದ ಚಲನ್, ಸಗಟು ಮಾರುಕಟ್ಟೆಯ ಖರೀದಿ ಚೀಟಿಗಳು, ಕ್ಯೂಆರ್ ಸಂಕೇತದ ಮೂಲಕ ಹಣ ಪಡೆದ ಖಾತೆಯ ವಿವರ, ಎಲ್ಲವೂ ಉಪಯೋಗಕ್ಕೆ ಬರುತ್ತವೆ. ದಂಡದ ಚಲನ್ ತಮಗೆ ವಿರುದ್ಧವಾದೀತೆಂದು ಹೆದರಿ ಬಿಸಾಡುವವರಿದ್ದಾರೆ. ಬಿಸಾಡಬೇಡಿ, ಆ ದಿನ ಆ ಜಾಗದಲ್ಲಿ ಅವರು ವ್ಯಾಪಾರ ಮಾಡುತ್ತಿದ್ದರೆಂದು ಪಾಲಿಕೆಯೇ ಬರೆದುಕೊಟ್ಟ ದಾಖಲೆ ಅದು. ಗಾಡಿ ಅಥವಾ ಬುಟ್ಟಿಯ ಜೊತೆಗೆ ವ್ಯಾಪಾರಿ, ಹಿಂದೆ ಗುರುತು ಹಿಡಿಯಬಹುದಾದ ಕಟ್ಟಡ, ಮರ ಅಥವಾ ಅಂಗಡಿಯ ಫಲಕ ಕಾಣುವಂತೆ ಛಾಯಾಚಿತ್ರ ತೆಗೆಯಿರಿ. ಹಬ್ಬದ ಹಿಂದಿನ ದಿನ ಹೂವು ಕೊಳ್ಳುತ್ತ ನೀವು ತೆಗೆದ ಯಾವುದೋ ಹಳೆಯ ಚಿತ್ರದ ಹಿನ್ನೆಲೆಯಲ್ಲಿ ಅವರು ಕಂಡಿದ್ದರೆ, ಅದನ್ನು ಹುಡುಕಿ ಮುದ್ರಿಸಿ ಕೊಡುವುದು ನಿವಾಸಿಗಳಾದ ನೀವು ಮಾಡಬಹುದಾದ ದೊಡ್ಡ ಉಪಕಾರ.

ಹಾಗೆಯೇ ಸುತ್ತಲಿನ ಮೂರು ನಾಲ್ಕು ಮನೆಯವರು ಮತ್ತು ಒಬ್ಬಿಬ್ಬರು ಅಂಗಡಿಯವರು ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿದ ಹೇಳಿಕೆಯನ್ನು ಜೊತೆಗಿಡಿ. ‘ಇವರನ್ನು ನಾವು ಬಲ್ಲೆವು, ಒಳ್ಳೆಯವರು’ ಎಂಬ ಮಾತು ಕಚೇರಿಯಲ್ಲಿ ಹೆಚ್ಚು ಬೆಲೆ ಬಾಳುವುದಿಲ್ಲ. ಯಾವ ವರ್ಷದಿಂದ, ವಾರದಲ್ಲಿ ಎಷ್ಟು ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಯಾವ ಕಟ್ಟಡದ ಮುಂದೆ, ಏನನ್ನು ಮಾರುತ್ತಾರೆ ಎಂಬುದನ್ನು ಬರೆಯಿರಿ; ನಿಮಗೆ ಖಚಿತವಾಗಿ ಗೊತ್ತಿರುವ ವರ್ಷವನ್ನಷ್ಟೇ ಬರೆಯಿರಿ. ಸುಳ್ಳು ಮಾಹಿತಿಯಿಂದ ಪಡೆದ ಪ್ರಮಾಣಪತ್ರವನ್ನು ಸಮಿತಿ ರದ್ದು ಮಾಡಬಹುದು, ಆಗ ನಿಮ್ಮ ಉತ್ಸಾಹದ ಬೆಲೆ ತೆರುವವರು ವ್ಯಾಪಾರಿಗಳೇ.

ಹಂತ 3: ಸಮೀಕ್ಷೆಯಲ್ಲಿ ಹೆಸರು ಸೇರಿಸಿ, ಸಮೀಕ್ಷೆ ಇಲ್ಲದಿದ್ದರೆ ಅರ್ಜಿ ಕೊಡಿ

ಪ್ರತಿ 5 ವರ್ಷಕ್ಕೆ ಒಮ್ಮೆಯಾದರೂ ಸಮಿತಿ ತನ್ನ ವ್ಯಾಪ್ತಿಯ ಎಲ್ಲ ಬೀದಿ ಬದಿ ವ್ಯಾಪಾರಿಗಳ ಸಮೀಕ್ಷೆ ನಡೆಸಬೇಕು. ಗುರುತಿಸಿದ ವ್ಯಾಪಾರಿಗಳಿಗೆ ವಾರ್ಡಿನ, ವಲಯದ ಅಥವಾ ನಗರದ ಜನಸಂಖ್ಯೆಯ ಶೇ 2.5ರ ಮಿತಿಯೊಳಗೆ ವ್ಯಾಪಾರ ವಲಯಗಳಲ್ಲಿ ಜಾಗ ಒದಗಿಸಬೇಕು. ಸಂಖ್ಯೆ ಇದಕ್ಕಿಂತ ಹೆಚ್ಚಾದರೆ ಚೀಟಿ ಎತ್ತಿ ಆಯ್ಕೆ ಮಾಡಿ, ಉಳಿದವರಿಗೆ ಪಕ್ಕದ ವಲಯದಲ್ಲಿ ಜಾಗ ಕೊಡಬೇಕೆಂದು ಕಾಯ್ದೆಯಲ್ಲಿದೆ. ಸಮೀಕ್ಷೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಕೊಡುವವರೆಗೆ ಯಾವ ವ್ಯಾಪಾರಿಯನ್ನೂ ಎತ್ತಂಗಡಿ ಮಾಡುವಂತಿಲ್ಲ ಎಂಬ ಮಾತು ಕಾಯ್ದೆಯ 3ನೇ ಕಲಂನ ಮೂರನೇ ಉಪಕಲಂನಲ್ಲಿದೆ. ಈ ಒಂದು ಸಾಲನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಮೀಕ್ಷೆ ನಡೆಯುತ್ತಿರುವಾಗ ವ್ಯಾಪಾರಿ ತನ್ನ ಜಾಗದಲ್ಲಿ ಇರಬೇಕು. ಊರಹಬ್ಬಕ್ಕೋ ಮದುವೆಗೋ ಹೋಗಿ ಆ ವಾರ ತಪ್ಪಿಸಿಕೊಂಡವರ ಹೆಸರು ಬಿಟ್ಟುಹೋಗುವುದು ಸಾಮಾನ್ಯ. ಬೆಳಿಗ್ಗೆ ಮಾತ್ರ ಸೊಪ್ಪು ಮಾರುವವರೂ ಸಂಜೆ ಮಾತ್ರ ತಿಂಡಿ ಗಾಡಿ ಹಾಕುವವರೂ ಸಮೀಕ್ಷಕರು ಬರುವ ಮಧ್ಯಾಹ್ನದ ಹೊತ್ತಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಸಮೀಕ್ಷೆಯ ದಿನಾಂಕ ಗೊತ್ತಾದ ಕೂಡಲೇ ಇಡೀ ಬೀದಿಗೆ ಸುದ್ದಿ ಮುಟ್ಟಿಸಿ, ಸಮೀಕ್ಷಕರ ಬಳಿ ಬೆಳಗಿನ ಮತ್ತು ಸಂಜೆಯ ವ್ಯಾಪಾರಿಗಳ ಪಟ್ಟಿಯನ್ನು ಮೊದಲೇ ಕೊಡಿ. ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಮಾತ್ರ ಬಂದು ಹೋಗುವವರ ಮಾತು ಬೇರೆ. ವರ್ಷವಿಡೀ ಕೂರುವವರನ್ನು ಅವರೊಂದಿಗೆ ಬೆರೆಸಿ ‘ಹಬ್ಬದ ವ್ಯಾಪಾರಿ’ ಎಂದು ಬರೆಸಿಕೊಳ್ಳಲು ಬಿಡಬೇಡಿ.

ನಮೂನೆಯಲ್ಲಿ ವ್ಯಾಪಾರಿಯ ಬಗೆಯನ್ನು ಕೇಳುತ್ತಾರೆ. ಒಂದೇ ಜಾಗದಲ್ಲಿ ನಿಯತವಾಗಿ ಕೂರುವವರು ಸ್ಥಿರ ವ್ಯಾಪಾರಿಗಳು, ತಳ್ಳುಗಾಡಿ ಅಥವಾ ಬುಟ್ಟಿಯೊಂದಿಗೆ ಸುತ್ತುವವರು ಸಂಚಾರಿ ವ್ಯಾಪಾರಿಗಳು. ತಳ್ಳುಗಾಡಿಗೆ ಚಕ್ರವಿದೆ ಎಂಬ ಒಂದೇ ಕಾರಣಕ್ಕೆ, ಹತ್ತು ವರ್ಷ ಒಂದೇ ಮರದ ಕೆಳಗೆ ನಿಂತವರನ್ನೂ ಸಂಚಾರಿ ಎಂದು ಬರೆದುಬಿಡುವುದುಂಟು. ಹಾಗೆ ಬರೆದರೆ ಆ ಜಾಗ ತಮ್ಮದೆಂದು ಮುಂದೆ ವಾದಿಸುವುದು ಕಷ್ಟವಾಗುತ್ತದೆ. ಸಹಿ ಅಥವಾ ಹೆಬ್ಬೆಟ್ಟು ಹಾಕುವ ಮೊದಲು ಬರೆದದ್ದನ್ನು ಓದಿಸಿ ಕೇಳಬೇಕು.

ಈಗ ಸಮೀಕ್ಷೆ ಇಲ್ಲ, ಹಿಂದಿನದರಲ್ಲಿ ಹೆಸರೂ ಇಲ್ಲ ಎನ್ನುವವರು ಮುಂದಿನ ಸಮೀಕ್ಷೆಗೆ ಕಾಯುತ್ತ ಕೂರಬೇಕಿಲ್ಲ. ಎರಡು ಸಮೀಕ್ಷೆಗಳ ನಡುವಿನ ಅವಧಿಯಲ್ಲೂ ಪ್ರಮಾಣಪತ್ರ ಕೊಡಲು ಕಾಯ್ದೆಯ 4ನೇ ಕಲಂನಲ್ಲಿ ಅವಕಾಶವಿದೆ. ಅರ್ಜಿ ಬಿಳಿ ಹಾಳೆಯಲ್ಲಿದ್ದರೂ ಸಾಕು. ಅದರ ಒಕ್ಕಣೆ ಹೀಗಿರಲಿ:

‘ಅಧ್ಯಕ್ಷರು, ಪಟ್ಟಣ ವ್ಯಾಪಾರ ಸಮಿತಿ, ಇವರಿಗೆ. ನಾನು ಇಂಥ ವಾರ್ಡಿನ ಇಂಥ ರಸ್ತೆಯಲ್ಲಿ, ಇಂಥ ಕಟ್ಟಡದ ಎದುರು, ಇಂಥ ವರ್ಷದಿಂದ ಪ್ರತಿದಿನ ಬೆಳಿಗ್ಗೆ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಹೂವಿನ ವ್ಯಾಪಾರ ಮಾಡುತ್ತಿದ್ದೇನೆ. ಹಿಂದಿನ ಸಮೀಕ್ಷೆಯಲ್ಲಿ ನನ್ನ ಹೆಸರು ಸೇರಿಲ್ಲ. ಬೀದಿ ಬದಿ ವ್ಯಾಪಾರಿಗಳ ಕಾಯ್ದೆ, 2014ರ 4ನೇ ಕಲಂ ಪ್ರಕಾರ ನನಗೆ ವ್ಯಾಪಾರ ಪ್ರಮಾಣಪತ್ರ ಮತ್ತು ಗುರುತಿನ ಚೀಟಿ ನೀಡಬೇಕೆಂದು ಕೋರುತ್ತೇನೆ. ನಾನು ಅಥವಾ ನನ್ನ ಕುಟುಂಬದವರೇ ಈ ವ್ಯಾಪಾರ ನಡೆಸುತ್ತೇವೆ. ನನಗೆ ಬೇರೆ ಜೀವನೋಪಾಯವಿಲ್ಲ. ಜಾಗವನ್ನಾಗಲಿ ಪ್ರಮಾಣಪತ್ರವನ್ನಾಗಲಿ ಬೇರೆಯವರಿಗೆ ವರ್ಗಾಯಿಸುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ. ದಾಖಲೆಗಳನ್ನು ಲಗತ್ತಿಸಿದ್ದೇನೆ.’

ಕುಟುಂಬದವರೇ ನಡೆಸುತ್ತೇವೆ, ಬೇರೆ ಜೀವನೋಪಾಯವಿಲ್ಲ, ಬೇರೆಯವರಿಗೆ ವರ್ಗಾಯಿಸುವುದಿಲ್ಲ ಎಂಬ ಮೂರು ಮಾತುಗಳು ಕಾಯ್ದೆಯ 5ನೇ ಕಲಂ ಕೇಳುವ ಮುಚ್ಚಳಿಕೆ, ಅಂದರೆ ಬರೆದುಕೊಡುವ ವಾಗ್ದಾನ. ಅವು ನಿಜವಾಗಿದ್ದರೆ ಮಾತ್ರ ಬರೆಯಬೇಕು. ಅರ್ಜಿಯ ಎರಡು ಪ್ರತಿ ಒಯ್ದು, ಒಂದನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ದಿನಾಂಕವಿರುವ ಮೊಹರನ್ನೂ ಆವಕ ಸಂಖ್ಯೆಯನ್ನೂ, ಅಂದರೆ ಕಚೇರಿಗೆ ಬಂದ ಪತ್ರಕ್ಕೆ ಕೊಡುವ ಸಂಖ್ಯೆಯನ್ನೂ, ಹಾಕಿಸಿಕೊಳ್ಳಿ. ‘ಇಟ್ಟು ಹೋಗಿ, ನೋಡುತ್ತೇವೆ’ ಎಂಬ ಮಾತಿಗೆ ಒಪ್ಪಿ ಬರಬೇಡಿ. ಮೊಹರು ಹಾಕಲು ನಿರಾಕರಿಸಿದರೆ ಅದೇ ದಿನ ಅರ್ಜಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ಅಂಚೆಯ ರಸೀದಿಯನ್ನು ಪ್ರತಿಗೆ ಹೊಲಿದಿಡಿ. ಇಡೀ ಪ್ರಕ್ರಿಯೆಯಲ್ಲಿ ಇದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ.

ಒಂದೆರಡು ತಿಂಗಳಾದರೂ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದಗಳನ್ನು ಮೀರಬಾರದು, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. 30 ದಿನಗಳಲ್ಲಿ ಉತ್ತರ ಕೊಡಬೇಕು. ‘ನನಗೆ ಏಕೆ ಕೊಟ್ಟಿಲ್ಲ?’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ಅರ್ಜಿ ತಿರಸ್ಕಾರವಾಗಬಹುದು. ‘ಇಂಥ ಆವಕ ಸಂಖ್ಯೆಯ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಟಿಪ್ಪಣಿ ಹಾಳೆಯ ಪ್ರತಿ ಕೊಡಿ’ ಎಂದು ಕೇಳಿ. ಅರ್ಜಿಯನ್ನು ತಿರಸ್ಕರಿಸಿದರೆ ಸಮಿತಿಯ ತೀರ್ಮಾನದ ವಿರುದ್ಧ ಪಾಲಿಕೆಗೆ ಮೇಲ್ಮನವಿ ಸಲ್ಲಿಸಬಹುದು. ತಿರಸ್ಕಾರದ ಕಾರಣವನ್ನು ಬರವಣಿಗೆಯಲ್ಲಿ ಪಡೆದರೆ ಮಾತ್ರ ಮೇಲ್ಮನವಿಗೆ ಬುಡ ಸಿಗುತ್ತದೆ.

ದಲ್ಲಾಳಿಗಳ ಬಗ್ಗೆ ಒಂದು ಎಚ್ಚರಿಕೆ. ಯಾವುದೋ ಸಂಘದ ಹೆಸರಿನಲ್ಲಿ ಬಣ್ಣದ ಚೀಟಿ ಮುದ್ರಿಸಿ, ‘ಇದೇ ಲೈಸೆನ್ಸ್’ ಎಂದು ಹಣ ಪಡೆಯುವವರಿದ್ದಾರೆ. ಸಂಘದ ಸದಸ್ಯತ್ವ ಒಳ್ಳೆಯದೇ, ಸಾಕ್ಷ್ಯವಾಗಿ ಅದು ಉಪಯೋಗಕ್ಕೂ ಬರುತ್ತದೆ, ಆದರೆ ಅದು ವ್ಯಾಪಾರ ಪ್ರಮಾಣಪತ್ರವಲ್ಲ. ಆಧಾರ್, ಪಾಸ್‌ಬುಕ್‌ಗಳ ಮೂಲಪ್ರತಿಯನ್ನು ಯಾರ ಕೈಗೂ ಕೊಟ್ಟುಬರಬೇಡಿ.

ಹಂತ 4: ಕೈಗೆ ಬಂದ ಪ್ರಮಾಣಪತ್ರವನ್ನು ಅಲ್ಲಿಯೇ ಓದಿ

ಹೆಸರು, ಭಾವಚಿತ್ರ, ಜಾಗದ ವಿವರ, ವ್ಯಾಪಾರದ ಬಗೆ, ಸಮಯ, ಅವಧಿ ಮುಗಿಯುವ ದಿನಾಂಕ, ಇವು ಸರಿಯಾಗಿವೆಯೇ ಎಂದು ಕಚೇರಿಯಲ್ಲೇ ನೋಡಿ, ತಪ್ಪಿದ್ದರೆ ಆಗಲೇ ತಿದ್ದುಪಡಿಗೆ ಬರೆದುಕೊಡಿ. ಜಾಗದ ವಿವರದಲ್ಲಿ ಕೇವಲ ರಸ್ತೆಯ ಹೆಸರಿದ್ದರೆ ಸಾಲದು. ಯಾವ ಕಟ್ಟಡದ ಎದುರು ಎಂಬುದೂ ಇರಲಿ. ಲ್ಯಾಮಿನೇಷನ್ ಮಾಡಿಸಿದ ಪ್ರತಿ ಗಾಡಿಯಲ್ಲಿರಲಿ, ಮೂಲಪ್ರತಿ ಮನೆಯಲ್ಲಿರಲಿ. ವ್ಯಾಪಾರಿ ತೀರಿಕೊಂಡರೆ ಅಥವಾ ಕಾಯಂ ಆಗಿ ಅಶಕ್ತರಾದರೆ, ಗಂಡ ಅಥವಾ ಹೆಂಡತಿ, ಅವರಿಲ್ಲದಿದ್ದರೆ ಅವಲಂಬಿತ ಮಗ ಅಥವಾ ಮಗಳು, ಪ್ರಮಾಣಪತ್ರದ ಅವಧಿ ಮುಗಿಯುವವರೆಗೆ ಅದೇ ಜಾಗದಲ್ಲಿ ವ್ಯಾಪಾರ ಮುಂದುವರಿಸಬಹುದು. ದುಃಖದ ದಿನಗಳಲ್ಲಿ ಈ ವಿಷಯ ಯಾರಿಗೂ ಹೊಳೆಯುವುದಿಲ್ಲ. ಜಾಗ ಖಾಲಿ ಬಿದ್ದು, ಬೇರೆಯವರು ಬಂದು ಕೂತ ಮೇಲೆ ಜಗಳ ಶುರುವಾಗುತ್ತದೆ. ಆದ್ದರಿಂದ ಮನೆಯವರಿಗೆ ಈಗಲೇ ತಿಳಿಸಿಡಿ.

ತಿಂಡಿ, ಹಣ್ಣಿನ ರಸ, ಚಹಾ ಮಾರುವವರು ಇದರ ಜೊತೆಗೆ ಆಹಾರ ಸುರಕ್ಷತಾ ನೋಂದಣಿಯ ಈಗಿನ ನಿಯಮವನ್ನೂ ವಿಚಾರಿಸಿಕೊಳ್ಳಬೇಕು. ಅದು ಬೇರೆ ಇಲಾಖೆಯ ಕೆಲಸ.

ಹಂತ 5: ಸಾಲವನ್ನು ಬ್ಯಾಂಕಿನಿಂದ ಪಡೆಯಿರಿ

ಬೆಳಿಗ್ಗೆ 900 ರೂಪಾಯಿ ಪಡೆದು ಸಂಜೆ 1000 ಕೊಡುವ ಮೀಟರ್ ಬಡ್ಡಿಯ ಬಗ್ಗೆ ವ್ಯಾಪಾರಿಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದರಿಂದ ಹೊರಬರಲು ಪ್ರಮಾಣಪತ್ರ ದಾರಿ ತೆರೆಯುತ್ತದೆ. 2020ರ ಜೂನ್‌ನಲ್ಲಿ ಆರಂಭವಾದ ಪಿಎಂ ಸ್ವನಿಧಿ ಯೋಜನೆಯಲ್ಲಿ ಯಾವುದೇ ಅಡಮಾನವಿಲ್ಲದೆ ಸಾಲ ಸಿಗುತ್ತದೆ. 2025ರಲ್ಲಿ ಪರಿಷ್ಕರಿಸಿದ ಮೇಲೆ ಮೊದಲ ಸಲ 15,000, ಅದನ್ನು ತೀರಿಸಿದರೆ 25,000, ಅದನ್ನೂ ತೀರಿಸಿದರೆ 50,000 ರೂಪಾಯಿಯವರೆಗೆ ಸಾಲವಿದೆ. ಸಾಲ ಕೊಡುವ ಅವಧಿಯನ್ನು 2030ರ ಮಾರ್ಚ್ 31ರವರೆಗೆ ವಿಸ್ತರಿಸಲಾಗಿದೆ. ಸಕಾಲಕ್ಕೆ ಕಂತು ಕಟ್ಟಿದವರ ಖಾತೆಗೆ ವಾರ್ಷಿಕ ಶೇ 7ರ ಬಡ್ಡಿ ಸಹಾಯಧನ ಬರುತ್ತದೆ. ಬಡ್ಡಿಯೇ ಇಲ್ಲದ ಸಾಲವೆಂದು ಇದನ್ನು ತಪ್ಪಾಗಿ ತಿಳಿಯಬಾರದು: ಬ್ಯಾಂಕು ಬಡ್ಡಿ ಹಾಕುತ್ತದೆ, ಸರ್ಕಾರ ಅದರಲ್ಲೊಂದು ಭಾಗವನ್ನು ಹಿಂದಿರುಗಿಸುತ್ತದೆ.

ಪ್ರಮಾಣಪತ್ರ ಇನ್ನೂ ಬಂದಿಲ್ಲದವರು ಶಿಫಾರಸು ಪತ್ರಕ್ಕೆ ಪಾಲಿಕೆಯಲ್ಲಿ ಅರ್ಜಿ ಕೊಡಬೇಕು. ಸ್ಥಳ ವಿಚಾರಣೆ ಮಾಡಿ 15 ದಿನಗಳೊಳಗೆ ಪತ್ರ ಕೊಡಬೇಕೆಂದು ಯೋಜನೆಯ ಮಾರ್ಗಸೂಚಿಯಲ್ಲಿದೆ. ಹಳ್ಳಿಯಿಂದ ಬೆಳಗಿನ ಬಸ್ಸಿನಲ್ಲಿ ತರಕಾರಿ ತಂದು ನಗರದಲ್ಲಿ ಮಾರಿ ಹೋಗುವವರಿಗೂ ಈ ದಾರಿ ಇದೆ. ಮನೆ ನಗರದಲ್ಲಿಲ್ಲವೆಂಬ ಕಾರಣಕ್ಕೆ ಅವರನ್ನು ವಾಪಸು ಕಳುಹಿಸುವಂತಿಲ್ಲ. ಕಂತು ಕಟ್ಟಲಾಗದ ತಿಂಗಳು ಬಂದರೆ ಬ್ಯಾಂಕಿಗೆ ಹೋಗಿ ಮೊದಲೇ ಮಾತನಾಡಿ. ಒಂದು ಸಾಲ ಕೆಟ್ಟರೆ ಮುಂದಿನ ಸಾಲಗಳ ಬಾಗಿಲು ಮುಚ್ಚುತ್ತದೆ.

ಹಂತ 6: ‘ಖಾಲಿ ಮಾಡಿ’ ಎಂದಾಗ ಏನು ಮಾಡಬೇಕು

ಪ್ರಮಾಣಪತ್ರವಿರುವ ವ್ಯಾಪಾರಿಯನ್ನು ಅದರಲ್ಲಿ ಬರೆದಿರುವ ಜಾಗದಿಂದ ತೆರವುಗೊಳಿಸಬೇಕಾದರೆ ಪಾಲಿಕೆ 30 ದಿನಗಳ ನೋಟಿಸ್ ಕೊಡಬೇಕು. ನೋಟಿಸಿನ ಅವಧಿ ಮುಗಿದ ಮೇಲೂ ತೆರವು ಮಾಡದಿದ್ದರೆ ದಿನಕ್ಕೆ 250 ರೂಪಾಯಿಯವರೆಗೆ ದಂಡ ವಿಧಿಸಬಹುದು. ಆದರೆ ಒಟ್ಟು ದಂಡ ವಶಪಡಿಸಿಕೊಂಡ ಸಾಮಾನಿನ ಬೆಲೆಯನ್ನು ಮೀರುವಂತಿಲ್ಲ. ಇನ್ನೂ ಸಮೀಕ್ಷೆಗೇ ಒಳಪಡದವರು ಈ ನೋಟಿಸಿನ ನಿಯಮವನ್ನು ಹಿಡಿದು ವಾದಿಸುವ ಬದಲು, ಹಂತ 3ರಲ್ಲಿ ಬರೆದಿಟ್ಟುಕೊಳ್ಳಿ ಎಂದ ಉಪಕಲಂ ಅನ್ನು ತೋರಿಸಬೇಕು.

ವಾಹನ ಬಂದು ನಿಂತ ಗಳಿಗೆಯಲ್ಲಿ ಕೂಗಾಟಕ್ಕೆ ಇಳಿಯಬೇಡಿ, ಗಾಡಿಗೆ ಅಡ್ಡ ಮಲಗಬೇಡಿ. ಪ್ರಮಾಣಪತ್ರದ ಪ್ರತಿ ಅಥವಾ ಮೊಹರು ಬಿದ್ದ ಅರ್ಜಿ ತೋರಿಸಿ, ತೆರವಿನ ಆದೇಶವನ್ನು ಬರವಣಿಗೆಯಲ್ಲಿ ಕೇಳಿ. ಬಂದವರ ಹುದ್ದೆ, ವಾಹನದ ಸಂಖ್ಯೆ, ಸಮಯ ಬರೆದುಕೊಳ್ಳಿ. ಸಾಮಾನು ವಶಪಡಿಸಿಕೊಂಡರೆ ಅಧಿಕಾರಿ ಅದರ ಪಟ್ಟಿ ಮಾಡಿ, ಸಹಿ ಹಾಕಿದ ಪ್ರತಿಯನ್ನು ವ್ಯಾಪಾರಿಗೆ ಕೊಡಲೇಬೇಕು. ತಕ್ಕಡಿ, ತೂಕದ ಕಲ್ಲು, ಕೊಡೆ, ಟಾರ್ಪಾಲು, ಇವು ಪಟ್ಟಿಯಲ್ಲಿ ಬಿಟ್ಟುಹೋಗುವುದೇ ಹೆಚ್ಚು, ಹಿಂದಿರುಗಿ ಬಾರದಿರುವುದೂ ಅವೇ. ಒಂದೊಂದನ್ನೂ ಬರೆಸಿ. ಶುಲ್ಕ ಕಟ್ಟಿ ಸಾಮಾನು ಕೇಳಿದರೆ, ಕೆಡದ ವಸ್ತುಗಳನ್ನು ಎರಡು ಕೆಲಸದ ದಿನಗಳೊಳಗೆ, ಹೂವು, ಹಣ್ಣು, ಸೊಪ್ಪಿನಂಥ ಕೆಡುವ ವಸ್ತುಗಳನ್ನು ಕೇಳಿದ ದಿನವೇ ಬಿಡಬೇಕು. ಹೂವಿನ ವ್ಯಾಪಾರಿಗೆ ಮರುದಿನ ಸಿಕ್ಕುವ ಹೂವು ಸಿಕ್ಕಂತಲ್ಲ. ಆದ್ದರಿಂದ ಬೇಡಿಕೆಯನ್ನು ಅದೇ ದಿನ, ಸಮಯ ನಮೂದಿಸಿ, ಬರವಣಿಗೆಯಲ್ಲಿ ಕೊಡಿ. ಯಾರು ಕೇಳಿದರೂ ರಸೀದಿ ಇಲ್ಲದೆ ಹಣ ಕೊಡಬೇಡಿ.

ಪ್ರಮಾಣಪತ್ರದ ಷರತ್ತುಗಳಂತೆ ವ್ಯಾಪಾರ ಮಾಡುತ್ತಿರುವವರನ್ನು ಪೊಲೀಸರೂ ಸೇರಿದಂತೆ ಯಾರೂ ತಡೆಯುವಂತಿಲ್ಲ ಎಂದು 27ನೇ ಕಲಂ ಹೇಳುತ್ತದೆ. ಷರತ್ತು ಮೀರಿದವರಿಗೆ ಆ ರಕ್ಷಣೆ ಇಲ್ಲ, ಜೊತೆಗೆ 2000 ರೂಪಾಯಿಯವರೆಗೆ ದಂಡವೂ ಇದೆ. ದೂರುಗಳಿಗೆಂದೇ ಕಾಯ್ದೆಯ 20ನೇ ಕಲಂ ಒಂದು ಕುಂದುಕೊರತೆ ಪರಿಹಾರ ಸಮಿತಿಯನ್ನು ಹೇಳಿದೆ: ಸಿವಿಲ್ ನ್ಯಾಯಾಧೀಶರೋ ನ್ಯಾಯಿಕ ಮ್ಯಾಜಿಸ್ಟ್ರೇಟರೋ ಆಗಿದ್ದವರು ಅದರ ಅಧ್ಯಕ್ಷರು, ಸರ್ಕಾರಿ ನೌಕರರಾಗಲಿ ಪಾಲಿಕೆಯ ನೌಕರರಾಗಲಿ ಅದರಲ್ಲಿ ಇರುವಂತಿಲ್ಲ. ನಿಮ್ಮ ಊರಿನಲ್ಲಿ ಅದು ರಚನೆಯಾಗಿದೆಯೇ ಎಂದು ಮೊದಲು ಕೇಳಿ. ಆಗಿರದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ವಕೀಲರ ನೆರವು ದೊರೆಯುತ್ತದೆ.

ಹಂತ 7: ಬೀದಿಯವರೊಂದಿಗೆ ಕುಳಿತು ಮಾತನಾಡಿ

ತೆರವಿಗೆ ದಾರಿಯಾಗುವ ದೂರುಗಳಲ್ಲಿ ಎಷ್ಟೋ ಅದೇ ಬೀದಿಯವರಿಂದ ಬಂದಿರುತ್ತವೆ, ಅವುಗಳಲ್ಲಿ ಕೆಲವು ನ್ಯಾಯವಾದವೇ. ಪಾದಚಾರಿ ಮಾರ್ಗದಲ್ಲಿ ನಡೆಯಲು ಕನಿಷ್ಠ 1.8 ಮೀಟರ್, ಅಂದರೆ ಸುಮಾರು ಆರು ಅಡಿ ಜಾಗ ತೆರವಾಗಿರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ಗಾಲಿಕುರ್ಚಿಯಲ್ಲಿ ಬರುವವರಿಗೂ ಕೋಲೂರಿ ನಡೆಯುವ ಹಿರಿಯರಿಗೂ ಅಷ್ಟು ಜಾಗ ಬಿಡುವುದು ವ್ಯಾಪಾರಿಯ ಕರ್ತವ್ಯ. ಕ್ಷೇಮಾಭಿವೃದ್ಧಿ ಸಂಘದವರು, ಅಂಗಡಿಯವರು, ವ್ಯಾಪಾರಿಗಳು ಒಂದು ಸಂಜೆ ಸೇರಿ ಅಳತೆಪಟ್ಟಿ ಹಿಡಿದು ಗೆರೆ ಹಾಕಿಕೊಳ್ಳಿ. ಯಾವ ಗೇಟಿನ ಮುಂದೆ ನಿಲ್ಲಬಾರದು, ಕಸವನ್ನು ಯಾರು ಎಷ್ಟು ಗಂಟೆಗೆ ಎತ್ತಬೇಕು, ಕೊಳೆತ ಸೊಪ್ಪು ಚರಂಡಿಗೆ ಬೀಳದಂತೆ ಏನು ಮಾಡಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಮಾಡಿ, ಪ್ರತಿಯನ್ನು ಪಟ್ಟಣ ವ್ಯಾಪಾರ ಸಮಿತಿಗೂ ಕಳುಹಿಸಿ. ಇದಕ್ಕೆ ಕಾನೂನಿನ ಆದೇಶದ ಬಲವಿಲ್ಲ. ಆದರೂ ಸಮಿತಿಯ ಮುಂದೆ ‘ನಿವಾಸಿಗಳ ವಿರೋಧವಿದೆ’ ಎಂಬ ಮಾತು ಬಂದಾಗ ಈ ಹಾಳೆ ಉತ್ತರವಾಗುತ್ತದೆ. ಅಂಗಡಿ ಮಾಲೀಕರು ತಮ್ಮ ಅಂಗಡಿಯ ಮುಂದಿನ ಜಾಗಕ್ಕೆ ವ್ಯಾಪಾರಿಯಿಂದ ಬಾಡಿಗೆ ಪಡೆಯುವ ರೂಢಿ ಕೆಲವೆಡೆ ಇದೆ. ಪಾಲಿಕೆಯ ಪಾದಚಾರಿ ಮಾರ್ಗವನ್ನು ಬಾಡಿಗೆಗೆ ಕೊಡುವ ಹಕ್ಕು ಅವರಿಗಿಲ್ಲ, ಅದನ್ನು ಕೊಡುವ ಅಗತ್ಯ ವ್ಯಾಪಾರಿಗೂ ಇಲ್ಲ.

ನಿಮ್ಮ ಬೀದಿಯದು ಹಳೆಯ ಮಾರುಕಟ್ಟೆಯಾಗಿದ್ದರೆ ಇನ್ನೊಂದು ಕೆಲಸವನ್ನು ತಡಮಾಡದೆ ಕೈಗೆತ್ತಿಕೊಳ್ಳಬೇಕು. 50 ವರ್ಷಕ್ಕೂ ಹೆಚ್ಚು ಕಾಲ ಬೀದಿ ಬದಿ ವ್ಯಾಪಾರ ನಡೆದು ಬಂದ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆಗಳೆಂದು ಘೋಷಿಸಬೇಕು, ಅಲ್ಲಿನ ವ್ಯಾಪಾರಿಗಳನ್ನು ಸ್ಥಳಾಂತರಿಸಬಾರದು ಎಂಬ ಮಾತು ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ. ಇದಕ್ಕೆ ಐವತ್ತು ವರ್ಷಗಳ ಸಾಕ್ಷ್ಯ ಬೇಕು. ಅದು ಹಳೆಯ ಪತ್ರಿಕೆಗಳ ಚಿತ್ರಗಳಲ್ಲಿ, ಮನೆಮನೆಯ ಮದುವೆ ಆಲ್ಬಮ್ಮುಗಳಲ್ಲಿ, ತಂದೆಯ ಕಾಲದ ರಸೀದಿಗಳಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಎಪ್ಪತ್ತು ಎಂಬತ್ತು ದಾಟಿದ ವ್ಯಾಪಾರಿಗಳ ಮತ್ತು ಅವರಿಂದ ಕೊಳ್ಳುತ್ತ ಬಂದ ಹಿರಿಯ ನಿವಾಸಿಗಳ ನೆನಪಿನಲ್ಲಿದೆ. ಅವರ ಹೇಳಿಕೆಗಳನ್ನು ನೋಟರಿಯ ಮುಂದೆ ಪ್ರಮಾಣ ಮಾಡಿದ ಹೇಳಿಕೆಯ (ಅಫಿಡವಿಟ್) ರೂಪದಲ್ಲಿ ಈ ತಿಂಗಳೇ ಬರೆಸಿ, ಎರಡು ಪ್ರತಿ ಮಾಡಿ, ಒಂದನ್ನು ಸಮಿತಿಗೆ ಮೊಹರು ಹಾಕಿಸಿ ಕೊಡಿ, ಇನ್ನೊಂದನ್ನು ಬೀದಿಯ ಕಡತದಲ್ಲಿ ಇಡಿ.